ಅನುಪಲಬ್ಧಿ ಮತ್ತು ಉತ್ತರಿಸದ ಸರ್ವರು

ನೆಲದ ಮೇಲೆ ಗಡಿಗೆಯಿಲ್ಲವೆಂಬ ಜ್ಞಾನವು ಯಾವ ಪ್ರಮಾಣದಿಂದ, ಎಂದರೆ ಯಾವ ಜ್ಞಾನಸಾಧನದಿಂದ, ಲಭಿಸುವುದೆಂಬ ಪ್ರಶ್ನೆಯನ್ನು ಹಿಡಿದು ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದರು. ನೈಯಾಯಿಕರು ಅದನ್ನು ಪ್ರತ್ಯಕ್ಷದಲ್ಲಿಯೇ ಅಡಗಿಸಿದರೆ, ಕುಮಾರಿಲಭಟ್ಟನ ಅನುಯಾಯಿಗಳಾದ ಭಾಟ್ಟರು ಅನುಪಲಬ್ಧಿ, ಎಂದರೆ ಕಾಣದಿರುವಿಕೆ, ಎಂಬ ಆರನೆಯ ಪ್ರಮಾಣವನ್ನೇ ಅಂಗೀಕರಿಸಿದರು. ಆದರೆ ಕಾಣದ ಮಾತ್ರಕ್ಕೆ ಇಲ್ಲವೆನ್ನಲಾಗದು, ಇದ್ದಿದ್ದರೆ ಕಂಡೇ ತೀರುತ್ತಿತ್ತೆಂಬ ಯೋಗ್ಯತೆಯು ಮೊದಲು ಸಿದ್ಧವಾಗಿರಬೇಕೆಂದು ಅವರು ವಿಧಿಸಿದ ನಿರ್ಬಂಧವೇ ಈ ವಾದದ ಜೀವಾಳವೆಂದು ನನ್ನ ಭಾವನೆ. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಗಡಿಗೆಯ ಅಭಾವಕ್ಕೆ ಸಾಕ್ಷಿಯಲ್ಲ.

ಈ ನಿರ್ಬಂಧದ ಬೆಲೆ ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವವರಿಗೆ ಚೆನ್ನಾಗಿ ತಿಳಿದೀತು. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ರೂಪಿಸಿದ ಎನ್‌ಎಫ್‌ಎಸ್ ವ್ಯವಸ್ಥೆಯಲ್ಲಿ ದೂರದ ಯಂತ್ರದ ಕಡತಗಳು ತನ್ನ ಡಿಸ್ಕಿನಲ್ಲಿಯೇ ಇರುವಂತೆ ಈಚೆಯ ಯಂತ್ರಕ್ಕೆ ತೋರುವುವು. ಸಂಪರ್ಕವು ಕೆಟ್ಟಾಗ ಬರುವ ದೋಷಸಂದೇಶಗಳೆಲ್ಲವೂ ಒಂದೇ ದುರ್ವಾರ್ತೆಯೆಂಬಂತೆ ಕಂಡರೂ ಪ್ರಮಾಣದೃಷ್ಟಿಯಿಂದ ಅವುಗಳಲ್ಲಿ ಅಜಗಜಾಂತರವಿದೆ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದಾಗ ಸಾಮಾನ್ಯವಾಗಿ ಆಚೆಯ ಯಂತ್ರವು ಎಚ್ಚರದಲ್ಲಿದ್ದು, ಎನ್‌ಎಫ್‌ಎಸ್‌ನ 2049ನೆಯ ಪೋರ್ಟಿನಲ್ಲಿ ಕೇಳುವವರಾರೂ ಇಲ್ಲವೆಂದು ತಾನೇ ಸಾರುತ್ತದೆ, ಅದು ಶಬ್ದಪ್ರಮಾಣ, ಎಂದರೆ ಬಲ್ಲವನ ಮಾತೇ ಆಧಾರವಾದ ಜ್ಞಾನ. ‘ಟೈಮ್ಡ್ ಔಟ್’ ಎಂಬಲ್ಲಿಯಾದರೋ ಬರಿಯ ಮೌನ: ಸರ್ವರು ನಿಂತಿರಬಹುದು, ಕೇಬಲ್ಲು ಕಳಚಿರಬಹುದು, ಫೈರ್‌ವಾಲ್ ನಮ್ಮ ಪ್ಯಾಕೆಟ್ಟುಗಳನ್ನು ಸದ್ದಿಲ್ಲದೆ ಬಿಸುಟಿರಬಹುದು. ಪಿಂಗಿಗೆ ಉತ್ತರ ಬಂದಿತೆಂದು ನೆಚ್ಚುವಂತಿಲ್ಲ, ಪಿಂಗನ್ನು ಬಿಟ್ಟುಕೊಟ್ಟ ಫೈರ್‌ವಾಲೇ 2049ನ್ನು ತಡೆದಿರುವುದುಂಟು. ಆದುದರಿಂದ ವಿವೇಕಿಯು ಮೊದಲು ಸರ್ವರಿನ ಬದಿಯಲ್ಲಿ, ಬಂದ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ, ತನ್ನ ಕರೆ ಅಲ್ಲಿಗೆ ಮುಟ್ಟಿತೇ ಎಂದು ನೋಡುವನು. ಭಾಟ್ಟರು ಕೇಳಿದ ಯೋಗ್ಯತೆ ಇದೇ.

ದೂರದ ಕಡತಗಳನ್ನು ಈಚೆಯ ಯಂತ್ರಕ್ಕೆ ಜೋಡಿಸುವ, ಎಂದರೆ ಮೌಂಟ್ ಮಾಡುವ, ಬಗೆಗಳಲ್ಲಿಯೂ ಮೌನವು ಅಭಾವವೇ ಎಂಬ ಈ ವಿವಾದ ಅಡಗಿದೆ. ‘ಸಾಫ್ಟ್’ ಮೌಂಟು ಗೊತ್ತಾದಷ್ಟು ಸಲ ಯತ್ನಿಸಿ, ಉತ್ತರ ಬಾರದಿದ್ದರೆ ಪ್ರೋಗ್ರಾಮಿಗೆ ದೋಷವನ್ನು ಹಿಂದಿರುಗಿಸುತ್ತದೆ. ಬರೆಯುವ ನಡುವೆ ಹೀಗಾದರೆ ಮಾಹಿತಿ ಕೆಡುವ ಭಯವುಂಟು. ‘ಹಾರ್ಡ್’ ಮೌಂಟಾದರೆ ‘ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’ ಎಂದು ಲಾಗಿನಲ್ಲಿ ಬರೆದು ಕಾಯುತ್ತದೆ. ಸರ್ವರಿಲ್ಲವೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಉತ್ತರ ಬಂದಿಲ್ಲವೆಂಬಷ್ಟನ್ನೇ ಹೇಳುತ್ತದೆ. ಪ್ರೋಗ್ರಾಮುಗಳು ಉತ್ತರಕ್ಕಾಗಿ ಕಾಯುವ ‘ಡಿ’ ಸ್ಥಿತಿಯಲ್ಲಿ ಸಿಕ್ಕಿಬಿದ್ದು ಕೆಲಸ ನಿಂತಾಗ ಇದು ಶ್ರದ್ಧೆಯೋ ಹಟವೋ ಎಂಬ ಆಕ್ಷೇಪವೇಳುವುದು ಸಹಜ. ಓದುವುದಕ್ಕಷ್ಟೇ ಆದರೆ ಸಾಫ್ಟ್ ಸಾಕೆಂದು ನಾನೂ ಒಪ್ಪುವೆನು. ಲೆಕ್ಕಪತ್ರಗಳನ್ನು ಬರೆಯುವೆಡೆ ಮೌನವನ್ನು ಅಭಾವವೆಂದು ಬಗೆಯುವ ಅವಸರವನ್ನು ಒಪ್ಪಲಾರೆ. ‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂದು ಬಂದರೆ ಮಾತು ಬೇರೆ: ಈ ಗುರುತಿನ ಕಡತ ತನ್ನಲ್ಲಿ ಇಲ್ಲವೆಂದು ಸರ್ವರೇ ನುಡಿದಿದೆ, ಆಗ ಸಾಮಾನ್ಯವಾಗಿ ಅನ್‌ಮೌಂಟ್ ಮಾಡಿ ಹೊಸದಾಗಿ ಮೌಂಟ್ ಮಾಡತಕ್ಕದ್ದು.