ಎಡಗೈಯಾಗಿನ ಲಿಂಗ

ಟಿಕೋಟಾ ಹತ್ತಿರದ ದ್ರಾಕ್ಷಿ ತೋಟ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ನಡೆದಿದೆ. ವಿಜಯಪುರದಲ್ಲಿ ಶಿಕ್ಷಕಿಯಾಗಿರುವ ಗಿರಿಜಾ ನಾಲ್ಕು ವರ್ಷದ ಮಗಳೊಡನೆ ಕಾಕಾನ ಮನೆಗೆ ಬಂದಿದ್ದಾಳೆ. ಹುಡುಗಿ ಬಳಪ ಹಿಡಿಯುವುದು ಎಡಗೈಯಲ್ಲಿ. ಮಾತು ಬೆಳೆದದ್ದು ಅದರಿಂದಲೇ. ಬಬಲೇಶ್ವರದ ಆಯಿಯೂ ಕಟ್ಟೆಯ ಮೇಲಿದ್ದಾಳೆ. ಕಾಕಾ ಜಗಳಗಂಟನಲ್ಲ, ಆದರೆ ಸುಲಭಕ್ಕೆ ಸೋಲುವವನೂ ಅಲ್ಲ.

ಕಾಕಾ: ಈ ಕತ್ತರಿ ನೋಡವ್ವಾ. ಎಡಗೈಲೆ ಹಿಡಿದ್ರ ಅಲಗು ಮರಿಯಾಗತೈತಿ, ಎಲ್ಲಿ ಕೊಯ್ಯಾಕತ್ತೀನಿ ಅನ್ನೂದು ಕಾಣಂಗಿಲ್ಲ. ಒಂದು ಕಣ್ಣು ಹೆಚ್ಚು ಕಡಿಮಿ ಆದ್ರ ಆ ಕಡ್ಡಿ ಫಸಲು ಹೋತು. ನಾನೂ ಎಡಚನ ಇದ್ದೆ. ನಮ್ಮಪ್ಪ ತಿದ್ದಿದ. ಚಲೋನ ಆತು.

ಗಿರಿಜಾ: ಎಡಗೈಯವರ ಕತ್ತರೀನೂ ಮಾಡ್ತಾರ ಕಾಕಾ.

ಕಾಕಾ: ಟಿಕೋಟಾ ಸಂತ್ಯಾಗ ಸಿಗತೈತೇನು? ಎತ್ತು ನೋಡು. ಎಡಗೋಲಿಗೆ ಹೂಡಿದ್ದನ್ನ ರೂಢಿ ಮಾಡಿಸಿದ್ರ ಬಲಗೋಲಿಗೂ ಬರತೈತಿ.

ಗಿರಿಜಾ: ಎತ್ತಿಗೆ ಎಡಗೋಲು ಬಲಗೋಲು ಅಂತ ಹಚ್ಚಿದವರು ನೀವು. ಇಕಿಗೆ ಯಾರ್ ಹಚ್ಚ್ಯಾರ? ಹೊಟ್ಟ್ಯಾಗಿನ ಕೂಸು ಸೈತ ಒಂದ ಕೈಯಿನ ಹೆಬ್ಬೆರಳು ಹೆಚ್ಚು ಚೀಪೂದನ್ನ ಸ್ಕ್ಯಾನಿಂಗ್‌ನ್ಯಾಗ ಕಂಡಾರ. ಹತ್ತು ಮಂದ್ಯಾಗ ಹೆಚ್ಚು ಕಡಿಮಿ ಒಬ್ಬರು ಹಿಂಗ ಇರ್ತಾರ.

ಕಾಕಾ: ಇರಲಿ. ಊಟದ ಕೈ, ತೊಳಕೊಳ್ಳೋ ಕೈ ಅಂತ ಹಿರ್ಯಾರು ಮಾಡಿದ್ದು ಸುಮ್ನ ಏನು? ನೀರಿಗೆ ಬರ ಇದ್ದ ಸೀಮಿ ಇದು.

ಗಿರಿಜಾ: ಕಾರಣ ಒಪ್ಪತೀನಿ. ಇಕಿ ಬಲಗೈಲೆ ತೊಳಕೊಂಡು ಎಡಗೈಲೆ ಉಂಡ್ರ ಆ ಕಾರಣಕ್ಕ ಎಲ್ಲಿ ಧಕ್ಕಿ ಬಂತು?

ಕಾಕಾ: ಅದು ಇಕಿಗೆ ಗೊತ್ತು. ಪಂಕ್ತಿಯಾಗ ಎದುರಿಗೆ ಕುಂತವಗ ಹೆಂಗ ಗೊತ್ತಾಗಬೇಕು? ಅಂವ ಎಲಿಗೆ ಬಿದ್ದ ರೊಟ್ಟಿ ನೋಡ್ತಾನ, ಬಡಿಸಿದ ಕೈ ನೋಡ್ತಾನ. ಆ ರೂಢಿ ಕೊಡೋರ ಸಲುವಾಗಿ ಅಲ್ಲವ್ವಾ, ತಗೊಳ್ಳೋರ ಸಲುವಾಗಿ. ಕೇಳದನ ನಂಬಾಕ ಬರ್ಲಿ ಅಂತ.

(ಗಿರಿಜಾ ಸ್ವಲ್ಪ ಹೊತ್ತು ಸುಮ್ಮನಾದಳು. ಕೇಳುತ್ತಾ ಕುಳಿತಿದ್ದ ನನಗೂ ಕಾಕಾನ ಈ ಮಾತು ತೂಕದ್ದೆನಿಸಿತು.)

ಗಿರಿಜಾ: ಆತು, ಬಡಿಸೂದು ಬಿಡ್ರಿ. ಬರಿಯೂದ್ರಾಗ ಯಾರ್ ಏನ್ ತಗೋತಾರ? ಗಾಂಧಿ 1909ರಾಗ ಹಡಗಿನ್ಯಾಗ ಕುಂತು ‘ಹಿಂದ್ ಸ್ವರಾಜ್’ ಬರಿಯೋ ಮುಂದ ಬಲಗೈ ಸೋತ್ರ ಎಡಗೈಲೆ ಬರದ್ರು. 275 ಪುಟದಾಗ ಸುಮಾರು 40 ಪುಟ ಎಡಗೈಯವು. ಓದೋರಿಗೆ ಯಾವ ಸಾಲು ಯಾವ ಕೈಯಿಂದು ಅಂತ ತಿಳಿತೈತೇನು?

ಕಾಕಾ: ಅವರು ಎರಡೂ ಕೈ ಪಳಗಿಸಿದ್ರು. ನಾ ಅದನ್ನ ಹೇಳಾಕತ್ತೀನಿ.

ಗಿರಿಜಾ: ಅವರಿಗೆ ಬಲಗೈ ಬ್ಯಾಡ ಅಂತ ಯಾರೂ ಹೊಡಿಲಿಲ್ಲ. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡರನ್ನ ನೋಡ್ರಿ. ಬಾಲ್ ಎಡಗೈಲೆ, ಬ್ಯಾಟು ಬಲಗೈಲೆ. 2017ರ ವಿಶ್ವಕಪ್‌ನ್ಯಾಗ, ಡರ್ಬಿಯೊಳಗ, ನ್ಯೂಜಿಲೆಂಡಿನ ಐದು ವಿಕೆಟ್ ಬರೇ 15 ರನ್ ಕೊಟ್ಟು ತಗದ್ರು. 79ಕ್ಕ ಮುಗೀತು ಅವರ ಆಟ.

ಕಾಕಾ: ಎಡಗೈಯವರು ಕಡಿಮಿ ಅದಾರ, ಅದಕ್ಕ ಆಡೋರಿಗೆ ರೂಢಿ ಇಲ್ಲ. ಅರ್ಧ ಮಂದಿ ಎಡಚರಿದ್ರ ಆ ಲಾಭ ಇರತಿರಲಿಲ್ಲ.

ಗಿರಿಜಾ: ಹಂಗಾದ್ರ ಕತ್ತರಿಯಾಗಿನ ನಷ್ಟಾನೂ ಇರತಿರಲಿಲ್ಲ. ಸಂತ್ಯಾಗ ಎರಡೂ ನಮೂನಿ ಸಿಗತಿದ್ದವು. ಎರಡೂ ಬರೇ ಲೆಕ್ಕದ ಮಾತು, ಕೈಯಿನ ತಪ್ಪಲ್ಲ.

ಆಯಿ: ನಿಮ್ಮ ಲೆಕ್ಕ ಸಾಕು. ಎಡಗೈ ಹೊಲಸು ಅಂತೀರಿ, ಲಿಂಗ ಯಾವ ಅಂಗೈಯಾಗ ಇಟ್ಕೊಂಡು ಪೂಜಿ ಮಾಡ್ತೀರಿ?

ಗಿರಿಜಾ: ಎಡಗೈಯಾಗ! ಇದನ್ನ ನಾ ಕೇಳಬೇಕಿತ್ತು.

ಕಾಕಾ: ಇಡತೀವಿ, ಯಾಕಂದ್ರ ನೀರು ಹಾಕಾಕ, ಪತ್ರಿ ಏರಿಸಾಕ ಬಲಗೈ ಖಾಲಿ ಇರಬೇಕು. ಎಡಗೈ ಸುಮ್ನ ಕುಂದರೋ ಕೈ.

ಗಿರಿಜಾ: ನೀವು ಹುಟ್ಟಾ ಎಡಚರು. ನಿಮ್ಮದು ಹೆಂಗ?

ಕಾಕಾ: (ತಡೆದು) ನನ್ನ ಗಟ್ಟಿ ಕೈ ಲಿಂಗ ಹಿಡಿತೈತಿ. ಕಲತ ಕೈ ಪತ್ರಿ ಏರಸತೈತಿ, ಒಮ್ಮೊಮ್ಮೆ ಪತ್ರಿ ಜಾರಿ ತೊಡಿ ಮ್ಯಾಲ ಬೀಳತೈತಿ. ಆದ್ರ ಲಿಂಗ ಎಂದೂ ಅಲಗಾಡಿಲ್ಲ.

ಗಿರಿಜಾ: ದೇವರನ್ನ ಹಿಡಿಯೋ ಕೈ ಬಳಪ ಹಿಡಿಬಾರದು ಅಂತೀರೇನು?

ಕಾಕಾ: ಪಾಟಿಗೆ ನಂದು ತಕರಾರಿಲ್ಲ, ಬರಕೊಳ್ಳಲಿ. ಪಂಕ್ತಿಯಾಗ ಬಡಿಸೂದು ಮಾತ್ರ ಬಲಗೈ. ಅದನ್ನ ನಾ ಬಿಡಂಗಿಲ್ಲ.

ಗಿರಿಜಾ: ಅದನ್ನ ಬಿಡ್ರಿ ಅಂತ ನಾನೂ ಅನ್ನಂಗಿಲ್ಲ. ಉಣ್ಣೂದು?

ಕಾಕಾ: ಮನ್ಯಾಗೋ, ಪಂಕ್ತಿಯಾಗೋ?