ಕ್ಲೀನರ್ ಇಲ್ಲದ ಕಾರು

ಪುತ್ತರಿಗೆ ಅಂತ ಬೆಂಗಳೂರಿನಿಂದ ಮೂವರು ಗೆಳೆಯರು ಹುದಿಕೇರಿಯ ನಮ್ಮ ಮನೆಗೆ ಬಂದಿದ್ದರು. ಹಬ್ಬ ಮುಗಿದ ಮೇಲೆ ಒಬ್ಬ ಶುರು ಮಾಡಿದ: "ತೋಟ, ಕಾಡು, ತಿರುವು ಎಲ್ಲಾ ಆಯ್ತು ಮಗಾ. ಇನ್ನು ಬಯಲು ನೋಡೋಣ." ವಿಜಯಪುರಕ್ಕೆ ಹೋಗೋದು ಅಂತ ತೀರ್ಮಾನವಾಯ್ತು. 600 ಕಿ.ಮೀ. ಮೀರಿದ ದಾರಿ, ಒಂದೇ ದಿನದಲ್ಲಿ. ರೂಮು ಕೂಡ ಆಗಲೇ ಬುಕ್ ಆಯ್ತು.

ನಮ್ಮ ಮಾವ ಎಷ್ಟೋ ವರ್ಷ ಕಾಫಿ ಲಾರಿ ಓಡಿಸಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಡ್ರೈವರ್ ಯಾರು ಅಂತ ಗೊತ್ತಾಯ್ತು. ಕ್ಲೀನರ್ ಯಾರು?" ನಾವು ನಕ್ಕೆವು.

ಬೆಳಗಿನ ಜಾವ 3ಕ್ಕೆ ಎದ್ದು 4ಕ್ಕೆ ಹೊರಟೆವು. ಗೋಣಿಕೊಪ್ಪ, ತಿತಿಮತಿ, ಹುಣಸೂರು, ಹಾಸನ. ಚಿತ್ರದುರ್ಗದ ಕೋಟೆ ಹತ್ತಿ ಇಳಿದೆವು. ಹೊಸಪೇಟೆ ದಾಟಿದ ಮೇಲೆ ಗೆಳೆಯರು ಕೇಳಿದ್ದ ಬಯಲು ಬಂತು. ಎರೆಭೂಮಿ, ಜೋಳ, ತೊಗರಿ, ಕಣ್ಣಿಗೆ ಅಡ್ಡ ಬರುವ ಒಂದು ಗುಡ್ಡವೂ ಇಲ್ಲ. ನಮ್ಮ ಕೊಡಗಿನ ರಸ್ತೆ ನಿಮಿಷಕ್ಕೊಂದು ತಿರುವು ಕೊಟ್ಟು ಡ್ರೈವರನ್ನು ಎಚ್ಚರವಾಗಿಡುತ್ತೆ. ಈ ನೇರ ರಸ್ತೆ ಅವನನ್ನು ಏನೂ ಕೇಳೋದಿಲ್ಲ.

ಕುಷ್ಟಗಿ ಹತ್ತಿರ ಅವನು ಎರಡು ಸಲ ಕಣ್ಣುಜ್ಜಿಕೊಂಡ. ಪಕ್ಕದ ಸೀಟಿನಲ್ಲಿದ್ದವನು ನಾನು. "ನಿದ್ದೆ ಬರ್ತಿದ್ಯಾ?" ಅಂದೆ. "ಏನಿಲ್ಲ, ಓಕೆ" ಅಂದ. ನಾನು ಸೀಟು ಹಿಂದಕ್ಕೆ ಬಾಗಿಸಿ ಮಲಗಿಬಿಟ್ಟೆ. ಇಳಕಲ್ ದಾಟಿದ ಮೇಲೆ ಎಚ್ಚರವಾಗಿದ್ದು ಬ್ರೇಕಿನ ಶಬ್ದಕ್ಕೆ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಹಿಂಬದಿ ದೀಪವಿಲ್ಲ. ಇನ್ನೊಂದು ಮಾರು ದೂರವಿತ್ತು, ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಅವನು ಸ್ಟೇರಿಂಗ್ ಮೇಲೆ ತಲೆಯಿಟ್ಟು "ಸಾರಿ ಕಣ್ರೋ" ಅಂದ.

ಆ ಸಾರಿ ಅವನೊಬ್ಬನೇ ಹೇಳಬೇಕಿತ್ತಾ?

ಹೌದು ಅನ್ನೋಕೆ ಕಾರಣ ಇದೆ. ಸ್ಟೇರಿಂಗ್ ಹಿಡಿದವನು ಅವನು. ಮೂವತ್ತು ದಾಟಿದ ಮನುಷ್ಯ, ಸುಸ್ತಾದರೆ ಬಾಯಿಬಿಟ್ಟು ಹೇಳಬೇಕಿತ್ತು. ಅವನ ಮಾತು ನಂಬಿ ಮಲಗಿದ್ದು ನನ್ನ ತಪ್ಪಾ? ಗೆಳೆಯನ ಪಕ್ಕ ನಿಶ್ಚಿಂತೆಯಿಂದ ನಿದ್ದೆ ಹೋಗೋದು ಸ್ನೇಹದ ಒಂದು ಸುಖವೂ ಹೌದಲ್ಲ?

ಆದರೆ ದಣಿದ ತಲೆಗೆ ತನ್ನ ದಣಿವಿನ ಲೆಕ್ಕ ಸರಿಯಾಗಿ ಸಿಗೋದಿಲ್ಲ. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, 17 ಗಂಟೆ ನಿದ್ದೆಯಿಲ್ಲದವನ ಚುರುಕುತನ ರಕ್ತದಲ್ಲಿ ಶೇ. 0.05 ಮದ್ಯ ಇರುವವನಷ್ಟಕ್ಕೆ ಇಳಿಯುತ್ತೆ. ನಮ್ಮ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಅಂದರೆ ಶೇ. 0.03. ಆ ಹೊತ್ತಿಗೆ ನಾವು ಎದ್ದು ಹತ್ತಿರ ಹತ್ತಿರ 17 ಗಂಟೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಕಾರು 66 ಮೀಟರ್ ಮುಂದೆ ಹೋಗಿರುತ್ತೆ. ಕುಡಿದವನನ್ನು "ಕುಡಿದಿದ್ಯಾ?" ಅಂತ ಕೇಳಿ, "ಇಲ್ಲ" ಅಂದ ತಕ್ಷಣ ನಾವು ಕೀ ಕೊಡ್ತೀವಾ?

ನನ್ನ ಪ್ರಶ್ನೆಯಲ್ಲೂ ಪ್ರಾಮಾಣಿಕತೆ ಕಡಿಮೆ ಇತ್ತು. ಅವನ ಕಣ್ಣು ನೋಡಿದ್ದೆ. "ಓಕೆ" ಅನ್ನೋ ಉತ್ತರವೇ ನನಗೆ ಬೇಕಿತ್ತು. ರೂಮು ಬುಕ್ ಆಗಿದೆ, ಎಲ್ಲರೂ ಖುಷಿಯಲ್ಲಿದ್ದಾರೆ, ಪ್ಲಾನ್ ಕೆಡಿಸೋದ್ಯಾಕೆ ಅಂತ ಅವನಿಗೂ ಅನಿಸಿರಬೇಕು. ನಾನು ನಂಬಿಕೆ ಅಂತ ಕರೆದದ್ದು ಜವಾಬ್ದಾರಿ ಜಾರಿಸುವ ಉಪಾಯವಾಗಿತ್ತು. ನಮ್ಮಲ್ಲಿ ಇನ್ನಿಬ್ಬರ ಹತ್ತಿರ ಲೈಸೆನ್ಸ್ ಇತ್ತು ಅನ್ನೋದನ್ನೂ ಹೇಳಿಬಿಡ್ತೀನಿ. ಕಾರು ಅವನದು, ಹಾಗಾಗಿ ಅವನೇ ಓಡಿಸಲಿ ಅಂತ ಸುಮ್ಮನಿದ್ದೆವು.

ಕೂಲಿಗೆ ಓಡಿಸುವವರಿಗಾದರೆ ಕಾನೂನಿದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಮೀರುವ ಮೊದಲು ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅನ್ನುತ್ತಿತ್ತು. ಗೆಳೆಯನಿಗೆ ಅಂಥ ಕಾಯ್ದೆ ಇಲ್ಲ. ಅವನಿಗೆ ಇರೋದು ಪಕ್ಕದಲ್ಲಿ ಕೂತ ನಾವು. ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಕೊಡಗಿನ ಕಡೆ ಹೊರಡುವ ಎಷ್ಟು ಕಾರುಗಳಲ್ಲಿ ಒಬ್ಬ ಎದ್ದಿರ್ತಾನೆ, ಉಳಿದವರೆಲ್ಲ ಮಲಗಿರ್ತಾರೆ! ಅದು ಬಾಡಿಗೆ ಕಾರಾದರೆ "ದುಡ್ಡು ಕೊಟ್ಟಿದ್ದೀವಲ್ಲ" ಅನ್ನೋ ಸಮಾಧಾನ ಬೇರೆ.

ಹಳೇ ಲಾರಿಯ ಕ್ಲೀನರ್ ಗಾಜು ಒರೆಸುವವನು ಮಾತ್ರ ಆಗಿರಲಿಲ್ಲ. ಮಾತಾಡಿಸ್ತಿದ್ದ, ಎಲೆ ಅಡಿಕೆ ಮಡಚಿ ಕೊಡ್ತಿದ್ದ, ಸಾಕು ಅನಿಸಿದಾಗ "ಅಣ್ಣಾ, ಸೈಡಿಗೆ ಹಾಕಿ" ಅಂತಿದ್ದ. ನಿಲ್ಲಿಸುವ ಮಾತನ್ನು ಡ್ರೈವರ್ ಬಾಯಿಂದ ಬರಲಿ ಅಂತ ಕಾಯ್ತಿರಲಿಲ್ಲ.

ಆ ರಾತ್ರಿ ಹುನಗುಂದದಲ್ಲೇ ಉಳಿದೆವು. ರೂಮಿನ ದುಡ್ಡು ಹೋಯ್ತು. ವಾಪಸ್ ಬರುವಾಗ ಎರಡೆರಡು ಗಂಟೆಗೆ ಸ್ಟೇರಿಂಗ್ ಬದಲು, ಪಕ್ಕದ ಸೀಟಿನವನು ಮಲಗುವ ಹಾಗಿಲ್ಲ, ನಡುವೆ ಚಿತ್ರದುರ್ಗದಲ್ಲಿ ಒಂದು ರಾತ್ರಿ. ಹುದಿಕೇರಿ ಮುಟ್ಟಿದಾಗ ಮಾವ ಅಂಗಳದಲ್ಲಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಅವನು ಓಕೆ ಅಂದಾಗ ನೀನು ಏನಂದೆ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.