ಪರವೂರಿನ ಕಚೇರಿ, ಕೇಳಿದವನ ಋಣ

ಪ್ರವಾಸ ಹೊರಡುವವರ ಪಟ್ಟಿಯಲ್ಲಿ ದೇವಸ್ಥಾನವಿರುತ್ತದೆ, ಕಡಲತೀರವಿರುತ್ತದೆ, ಸೀರೆ ಅಂಗಡಿಯಂತೂ ಇದ್ದೇ ಇರುತ್ತದೆ. ಸಂಗೀತ ಕಚೇರಿ ಇರುವುದು ಅಪರೂಪ. ಡಿಸೆಂಬರಿನಲ್ಲಿ ಮದರಾಸಿನ ಉತ್ಸವಕ್ಕೆಂದೇ ಹೋಗುವವರ ಮಾತು ಬೇರೆ. ಹಾದಿಯಲ್ಲಿ ಸಿಕ್ಕ ಊರಿನಲ್ಲಿ, ಅಲ್ಲಿಯವರು ತಮಗಾಗಿ ಏರ್ಪಡಿಸಿಕೊಂಡ ಕಚೇರಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರು ಕಡಮೆ. ಕೆಲವು ವರ್ಷಗಳಿಂದ ನಾವು ಈ ಅಭ್ಯಾಸವನ್ನು ಇಟ್ಟುಕೊಂಡಿದ್ದೇವೆ, ಕೇಳಿದವರಿಗೆಲ್ಲ ಶಿಫಾರಸು ಮಾಡುತ್ತಲೂ ಬಂದಿದ್ದೇವೆ. ಆದರೆ ಅದರ ಹಿಂದೆ ಒಂದು ಪ್ರಶ್ನೆ ಬಿಡದೆ ನಿಂತಿದೆ. ಒಂದೂರಿನ ಜನ ವರ್ಷಗಟ್ಟಲೆ ಚಂದಾ ಕೊಟ್ಟು, ಮಳೆಗಾಲದಲ್ಲೂ ಕುರ್ಚಿ ತುಂಬಿಸಿ ಉಳಿಸಿಕೊಂಡ ಸಭೆಗೆ ಒಂದು ಸಂಜೆ ಹೋಗಿ, ಮನದಣಿಯೆ ಕೇಳಿ, ಮರುದಿನ ರೈಲು ಹತ್ತುವವನು ಆ ಊರಿಗೆ ಏನನ್ನಾದರೂ ಸಲ್ಲಿಸಬೇಕಾದದ್ದು ಉಂಟೋ, ಇಲ್ಲವೋ?

ಟಿಕೆಟು ಕೊಂಡೆವಲ್ಲ, ಲೆಕ್ಕ ಚುಕ್ತಾ ಆಯಿತು ಎನ್ನುವವರಿದ್ದಾರೆ. ನಮ್ಮ ಭಾಷೆಯಲ್ಲಿ ಕಚೇರಿ ಎಂದರೆ ಆಫೀಸೂ ಹೌದು, ಗಾಯನವೂ ಹೌದು. ಮೊದಲನೆಯ ಕಚೇರಿಯಲ್ಲಿ ಹಗಲು ಕಳೆಯುವ ನಮಗೆ ರಸೀತಿಯ ಈ ವಾದ ಹಿಡಿಸಬೇಕಾಗಿತ್ತು. ಆದರೆ ಅದರ ಲೆಕ್ಕ ಎರಡನೆಯ ಕಚೇರಿಗೆ ಹೊಂದುವುದಿಲ್ಲ. ಎಷ್ಟೋ ಸಭೆಗಳಲ್ಲಿ ಪ್ರವೇಶ ಉಚಿತ. ಟಿಕೆಟು ಇದ್ದ ಕಡೆಯಲ್ಲೂ ಅದು ಕುರ್ಚಿಯ ಬೆಲೆಯೇ ಹೊರತು ಆ ಸಂಜೆ ಹುಟ್ಟಿದ ರಾಗದ್ದಲ್ಲ.

ಹಣದ ವಿಷಯಕ್ಕೆ ನಮ್ಮ ಮೈಸೂರಿನದೇ ಒಂದು ಉದಾಹರಣೆಯಿದೆ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತನ್ನ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳನ್ನು ಮೊದಲ ಸಲ ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದಾಕೆ ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯ ಆರ್ಕೆಸ್ಟ್ರಾವನ್ನು ನಡೆಸಿದವನು ಫರ್ಟ್‌ವೆಂಗ್ಲರ್. ಆ ಕಾರ್ಯಕ್ರಮದ ಖರ್ಚಿಗೆ ಹೊಣೆ ನಿಂತವರು ಜಯಚಾಮರಾಜ ಒಡೆಯರು. ಅವರು ಆ ಸಂಜೆ ಅಲ್ಲಿರಲಿಲ್ಲ. ಅವರಿಗಾಗಿ ಧ್ವನಿಮುದ್ರಣ ಮಾಡಿ ಮೈಸೂರಿಗೆ ಕಳುಹಿಸಿದರು. ಹಣ ಕೊಟ್ಟು ಕೇಳದೆ ಉಳಿದ ಮಹಾರಾಜರು ಒಂದು ಕಡೆ, ಕೊಡದೆ ಕೇಳಿ ಬರುವ ನಾವು ಇನ್ನೊಂದು ಕಡೆ! ಆ ಸಭಾಂಗಣದಲ್ಲಿ ಕುಳಿತಿದ್ದ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ತಮ್ಮ ಸಂಜೆಯ ಹಿಂದೆ ಮೈಸೂರೊಂದು ಇದೆಯೆಂದು ತಿಳಿದಿತ್ತೋ. ಕೇಳುಗ ಸಾಮಾನ್ಯವಾಗಿ ಯಾರ ಋಣದಲ್ಲಿ ಕುಳಿತಿದ್ದಾನೆಂಬುದು ಅವನಿಗೇ ಗೊತ್ತಿರುವುದಿಲ್ಲ.

ಈಗ ನಮ್ಮ ಪ್ರವಾಸಕ್ಕೆ ಬರೋಣ. ಮುಂಬಯಿಯಿಂದ ಕೋಣಾರ್ಕ ಎಕ್ಸ್‌ಪ್ರೆಸ್ ಹತ್ತಿದರೆ ವಿಜಯವಾಡ, ವಿಶಾಖಪಟ್ಟಣ ಎರಡೂ ಒಂದೇ ದಾರಿಯಲ್ಲಿ ಸಿಗುತ್ತವೆ, ಎಲ್.ಟಿ.ಸಿ.ಯವರಿಗೆ ಅನುಕೂಲವಾದ ಗಾಡಿ. ವಿಶಾಖಪಟ್ಟಣಕ್ಕೆ ಬಂದವರಲ್ಲಿ ಬಹುಮಂದಿ ಭೀಮುನಿಪಟ್ಟಣದ ರಸ್ತೆ ಹಿಡಿದು ಋಷಿಕೊಂಡಕ್ಕೆ ಹೋಗುತ್ತಾರೆ. ತೆಲುಗಿನಲ್ಲಿ ಕೊಂಡವೆಂದರೆ ಬೆಟ್ಟ. ಬೆಟ್ಟದ ಕಾಲ ಬಳಿಯೇ ಸಮುದ್ರ, ಹಳದಿ ಮರಳು. ಶುಚಿಯಾದ ತೀರವೆಂದು 2020ರಲ್ಲಿ ಅದಕ್ಕೆ ನೀಲಿ ಬಾವುಟದ ಮನ್ನಣೆಯೂ ದೊರೆಯಿತು. ಸಮುದ್ರ ಯಾರ ಚಂದಾದಿಂದಲೂ ನಡೆಯುವುದಿಲ್ಲ, ನೋಡಿದವನು ಹಾಗೆಯೇ ಎದ್ದು ಬರಬಹುದು. ಸಾಯಂಕಾಲ ಊರೊಳಗೆ ಬಂದು ಕಲಾಭಾರತಿಯಂಥ ಸಭಾಂಗಣದಲ್ಲಿ ಕುಳಿತಾಗ ಹಾಗಲ್ಲ.

ನಾವು ಹೋದ ಸಂಜೆ ಹಾಡಿದವರು ಇನ್ನೂ ಹೆಸರು ಮಾಡಬೇಕಾದ ಒಬ್ಬ ತರುಣ. ಸಭೆ ಅರ್ಧ ತುಂಬಿತ್ತು. ತ್ಯಾಗರಾಜರ ಕೃತಿಗಳನ್ನು ಬೆಂಗಳೂರಿನಲ್ಲಿ, ಮಾಟುಂಗದಲ್ಲಿ ನಾವು ಕೇಳಿದ್ದು ಎಷ್ಟು ಸಲವೋ. ಆದರೆ ಅವು ತೆಲುಗು ಎಂಬುದು ಮೊದಲ ಬಾರಿಗೆ ಕಿವಿಗೆ ತಾಕಿತು. ನಮ್ಮ ಕಡೆಯಲ್ಲಿ ಸಾಹಿತ್ಯವನ್ನು ಎಲ್ಲೆಂದರಲ್ಲಿ ತುಂಡು ಮಾಡಿ ಹಾಡಿದರೂ ಯಾರೂ ಕೇಳುವುದಿಲ್ಲ. ಅಲ್ಲಿ ಗಾಯಕನು ಒಂದು ಪದವನ್ನು ನಿಲ್ಲಬಾರದ ಕಡೆ ನಿಲ್ಲಿಸಿದಾಗ ನಮ್ಮ ಪಕ್ಕದಲ್ಲಿದ್ದ ಹಿರಿಯರು ತಾಳ ಹಾಕುತ್ತಿದ್ದ ಕೈಯನ್ನು ತಡೆದು ತಲೆ ಎತ್ತಿದರು. ಮುಂದಿನ ಆವರ್ತದಲ್ಲಿ ಗಾಯಕನು ಅದನ್ನು ಸರಿಯಾಗಿ ಕೂಡಿಸಿ ಹಾಡಿದ, ಅವರ ಕೈ ಮತ್ತೆ ತೊಡೆಯ ಮೇಲೆ ಬಿತ್ತು. ವೇದಿಕೆಯಿಂದ ಆತ ಅವರನ್ನು ನೋಡಿದ್ದನೋ ಇಲ್ಲವೋ, ಹೇಳಲಾರೆವು. ಆದರೆ ಹಾಗೆ ತಲೆ ಎತ್ತುವವರು ಸಭೆಯಲ್ಲಿ ಇದ್ದಾರೆಂಬ ಅರಿವಿನಿಂದಲೇ ಆತ ಹಾಡುತ್ತಿದ್ದ. ನಾವು ಕೇಳಿದ ಸಂಗೀತದಲ್ಲಿ ಆ ಹಿರಿಯರ ಪಾಲು ಸಣ್ಣದೇನಲ್ಲ. ನಮ್ಮ ಪಾಲು ಸೊನ್ನೆ.

ಪಾಶ್ಚಾತ್ಯ ಆರ್ಕೆಸ್ಟ್ರಾದಲ್ಲಿ ಈ ಮಾತು ಇಷ್ಟು ಎದ್ದು ಕಾಣುವುದಿಲ್ಲ. 2006ರಲ್ಲಿ ಮುಂಬಯಿಯ ಎನ್.ಸಿ.ಪಿ.ಎ.ಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಆರಂಭವಾಯಿತು. ಅಲ್ಲಿ ಪಿಟೀಲುಗಳ ಇಡೀ ಸಾಲು ಒಂದೇ ಕೈಯಂತೆ ಕಮಾನು ಎಳೆಯುತ್ತದೆ. ಸ್ವರವೆಲ್ಲ ಮೊದಲೇ ಕಾಗದದ ಮೇಲಿದೆ. ಕೇಳುಗನ ಕೆಲಸ ಕೆಮ್ಮದೆ ಕುಳಿತಿರುವುದು, ಭಾಗಗಳ ನಡುವೆ ಚಪ್ಪಾಳೆ ತಟ್ಟದಿರುವುದು. ಅದೇ ಪಿಟೀಲು ನಮ್ಮ ಕಚೇರಿಯಲ್ಲಿ ಒಂಟಿಯಾಗಿ, ಮುಂದೇನು ಬರುವುದೆಂದು ತಿಳಿಯದೆ, ಗಾಯಕನ ಬೆನ್ನು ಹತ್ತಿ ಹೋಗುತ್ತದೆ. ವಿಶಾಖಪಟ್ಟಣದಲ್ಲಿ ಪಿಟೀಲಿನ ಮಾತೆತ್ತಿದರೆ ದ್ವಾರಂ ವೆಂಕಟಸ್ವಾಮಿ ನಾಯುಡುಗಾರು ಬಂದೇ ಬರುತ್ತಾರೆ. ಅವರು 1893ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ವಿಶಾಖಪಟ್ಟಣದಲ್ಲಿ. ಸಮೀಪದ ವಿಜಯನಗರಂ ಮಹಾರಾಜರ ಸಂಗೀತ ಕಾಲೇಜಿನಲ್ಲಿ 1919ರಿಂದ ಪಾಠ ಹೇಳಿ, 1936ರಲ್ಲಿ ಅದರ ಪ್ರಿನ್ಸಿಪಾಲರಾದರು. ಬೆಂಗಳೂರಿನ ಮಗು ಆಂಧ್ರದ ಆಸ್ತಿಯಾಯಿತೆಂದು ನಾವು ಬೀಗುವಂತಿಲ್ಲ, ಬೆಳೆಸಿದವರು ಅವರು.

ವಿಜಯವಾಡದ ಕಥೆ ಇನ್ನೂ ಹತ್ತಿರದ್ದು. ಬಾಲಮುರಳೀಕೃಷ್ಣರು ಎಳೆಯ ಹುಡುಗನಾಗಿ ಪೂರ್ತಿ ಕಚೇರಿ ಹಾಡಿದ್ದು ಆ ಊರಿನಲ್ಲಿ. ಅವರ ಗುರು ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ತ್ಯಾಗರಾಜರ ಶಿಷ್ಯಪರಂಪರೆಯವರು. ಆ ಹುಡುಗನನ್ನು ಕುಳಿತು ಕೇಳಿದ್ದು ವಿಜಯವಾಡ. ಮುಂದೆ ಅದೇ ಕಂಠ 1975ರ ‘ಹಂಸಗೀತೆ’ಯಲ್ಲಿ ಕನ್ನಡಕ್ಕೆ ಬಂತು, ರಾಷ್ಟ್ರಪ್ರಶಸ್ತಿಯನ್ನೂ ತಂತು. ವಿಜಯವಾಡದವರು ಕೇಳಿ ಬೆಳೆಸಿದ ಕಂಠವನ್ನು ನಾವು ಕನ್ನಡದ ಹೆಮ್ಮೆಯೆಂದು ಹೇಳಿಕೊಳ್ಳುತ್ತೇವೆ.

ಹಾಗಾದರೆ ತೀರಿಸುವುದು ಹೇಗೆ? ಹಿಂದಿನವರು ಮನುಷ್ಯ ಮೂರು ಋಣಗಳೊಡನೆ ಹುಟ್ಟುತ್ತಾನೆ ಎಂದರು: ದೇವಋಣ, ಪಿತೃಋಣ, ಋಷಿಋಣ. ಇವುಗಳಲ್ಲಿ ಋಷಿಋಣದ ರೀತಿಯೇ ವಿಚಿತ್ರ. ಅದನ್ನು ಋಷಿಗೆ ಮರಳಿ ಕೊಡುವಂತಿಲ್ಲ, ಆತ ಎಂದೋ ಹೋಗಿದ್ದಾನೆ. ಓದಿ, ಕಲಿತು, ಇನ್ನೊಬ್ಬರಿಗೆ ದಾಟಿಸಿದರೆ ಅದು ಸಂದಂತೆ. ಪರವೂರಿನಲ್ಲಿ ಕೇಳಿದ ಸಂಗೀತದ ಋಣ ಈ ಜಾತಿಯದೆಂದು ನಮಗೆ ತೋರುತ್ತದೆ. ಆ ಹಿರಿಯರ ಪಕ್ಕದಲ್ಲಿ ಪ್ರತಿವಾರ ಹೋಗಿ ಕೂರುವುದು ನಮ್ಮಿಂದಾಗದು. ಹೊರಡುವಾಗ ಅವರು, ನಾವು ಕನ್ನಡದವರೆಂದು ತಿಳಿದು, ನಮ್ಮ ಮಕ್ಕಳೂ ಮಾಯಾಮಾಳವಗೌಳದ ಸರಳೆಯಿಂದಲೇ ಶುರು ಮಾಡುವುದು, ಆ ದಾರಿ ಹಾಕಿಕೊಟ್ಟವರು ನಿಮ್ಮ ಪುರಂದರದಾಸರಲ್ಲವೇ ಎಂದರು. ಹಂಪಿಯಲ್ಲಿ ಮಾಡಿದ ಸಾಲವನ್ನು ಅವರು ವಿಶಾಖಪಟ್ಟಣದಲ್ಲಿ ತೀರಿಸುತ್ತಿದ್ದಾರೆ!

ಇದಕ್ಕೆ ನಮ್ಮ ಮನೆಯಲ್ಲೇ ಒಂದು ಆಕ್ಷೇಪ ಬಂತು. ಇಷ್ಟೆಲ್ಲ ಯೋಚಿಸಿದರೆ ಸಂಗೀತದ ಸುಖವೇ ಹೋಗುವುದಿಲ್ಲವೇ, ಹಕ್ಕಿಯ ದನಿ ಕೇಳಿ ಯಾರಾದರೂ ಸಾಲದ ಲೆಕ್ಕ ಬರೆಯುತ್ತಾರೆಯೇ ಎಂದು. ಮಾತು ಚೆನ್ನಾಗಿದೆ. ಆದರೆ ಹಕ್ಕಿಗೆ ಸಭಾಂಗಣದ ಬಾಡಿಗೆಯಿಲ್ಲ, ಮೈಕಿನವನಿಗೆ ಕೊಡಬೇಕಾದದ್ದಿಲ್ಲ. ಸುಖ ಹೋಗುತ್ತದೆನ್ನುವುದಕ್ಕಿಂತ ನಮಗೆ ಹೆಚ್ಚು ಭಯವಾದದ್ದು ಇನ್ನೊಂದು ಚಪಲದ್ದು: ಇಂಥ ಊರಿನಲ್ಲಿ ಇಂಥವರನ್ನು ಕೇಳಿದ್ದೇವೆ ಎಂದು ಊರುಗಳನ್ನು ಎಣಿಸಿಡುವುದು. ಮೊಬೈಲನ್ನು ಎತ್ತಿ ಹಿಡಿದು ಇಡೀ ಪಲ್ಲವಿಯನ್ನು ತುಂಬಿಕೊಳ್ಳುವವನೂ, ತನಿ ಆವರ್ತನ ಆರಂಭವಾದೊಡನೆ ಕಾಫಿಗೆ ಏಳುವವನೂ ಇದೇ ಕುಲದವರು. ಇಬ್ಬರಿಗೂ ಬೇಕಾದದ್ದು ಬೇಕಾದಷ್ಟು ಮಾತ್ರ.

ಮಾಟುಂಗದ ಷಣ್ಮುಖಾನಂದ ಸಭಾಂಗಣ 1990ರಲ್ಲಿ ಬೆಂಕಿಗೆ ಸಿಕ್ಕಿ, 1998ರಲ್ಲಿ ಮತ್ತೆ ತೆರೆದದ್ದು ನಮ್ಮ ಓದುಗರಲ್ಲಿ ಹಲವರಿಗೆ ನೆನಪಿರಬೇಕು. ಒಂದು ಸಂಜೆ ಬಂದು ಹೋಗುವವರನ್ನೇ ನಂಬಿ ಅಂಥ ಕಟ್ಟಡ ಮೇಲೇಳುವುದಿಲ್ಲ. ದೊಡ್ಡವರ ಹೆಸರಿದ್ದಾಗ ಅಲ್ಲಿ ನಮಗೆ ಜಾಗ ಸಿಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾರೋ ಹುಡುಗಿ ಹೆದರುತ್ತ ವರ್ಣ ಎತ್ತಿಕೊಂಡಾಗ ಬೇಕಾದಷ್ಟು ಜಾಗವಿರುತ್ತದೆ. ನಮ್ಮ ಸಂಘದ ದಾಸರ ಪದಗಳ ಕಾರ್ಯಕ್ರಮಕ್ಕೂ ಆಗೊಮ್ಮೆ ಈಗೊಮ್ಮೆ ಯಾರೋ ಮರಾಠಿ ದಂಪತಿಗಳು, ಯಾರೋ ತೆಲುಗಿನವರು ಬಂದು ಕೊನೆಯ ಸಾಲಿನಲ್ಲಿ ಕೂರುತ್ತಾರೆ. ಅವರು ಉಪಾಹಾರಕ್ಕೆ ಬಂದವರಿರಬೇಕೆಂದು ನಮ್ಮವರಲ್ಲಿ ಕೆಲವರು ಪಿಸುಗುಟ್ಟಿದ್ದನ್ನು ಕೇಳಿದ್ದೇವೆ. ಮುಂದಿನ ಸಲ ಅವರ ಪಕ್ಕದ ಕುರ್ಚಿ ಖಾಲಿಯಿದ್ದರೆ ನಾವು ಅಲ್ಲಿಯೇ ಕೂರುವುದೆಂದು ಮನೆಯಲ್ಲಿ ಮಾತಾಗಿದೆ.